ಅಟ್ಟದ ಮೇಲಿನ ಚಿತ್ರಭಂಡಾರ

ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ, ಅಟ್ಟದ ಮೇಲೋ, ಬೀರುವಿನ ನೆತ್ತಿಯ ಮೇಲೋ, ಹಳೆಯ ಟ್ರಂಕಿನ ತಳದಲ್ಲೋ, ಮಡಿಸಿಟ್ಟ ರೇಷ್ಮೆ ಸೀರೆಗಳು, ಆಸ್ತಿಯ ಕಾಗದಪತ್ರಗಳು ಮತ್ತು ಹಿರಿಯರ ಜಾತಕಗಳು ಇರುವ ಎಡೆಯಲ್ಲಿಯೇ, ಇನ್ನೊಂದು ಬಗೆಯ ಸಂಪತ್ತು ಹಲವು ದಶಕಗಳಿಂದ ಯಾರ ಗಮನಕ್ಕೂ ಬಾರದೆ ಬಿದ್ದಿರುತ್ತದೆ. ತಗಡಿನ ಪುಟ್ಟ ಡಬ್ಬಿಗಳಲ್ಲಿ ಸುತ್ತಿಟ್ಟ ಫಿಲಂ ರೀಲುಗಳು, 'ಗೃಹಪ್ರವೇಶ' ಎಂದೋ 'ಚಿಕ್ಕಮ್ಮನ ಮದುವೆ, ಭಾಗ 2' ಎಂದೋ 'ತಾತನ ಷಷ್ಟ್ಯಬ್ದಿ' ಎಂದೋ ಬಾಲ್‌ಪೆನ್ನಿನಲ್ಲಿ ಬರೆದ ಚೀಟಿಯನ್ನು ಬೆನ್ನಿಗೆ ಅಂಟಿಸಿಕೊಂಡ ಕಪ್ಪು ಕ್ಯಾಸೆಟ್ಟುಗಳು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡವಾದ ಮಿನಿ ಡಿವಿ ಟೇಪುಗಳು: ಇವೇ ಆ ಸಂಪತ್ತು. ಇವನ್ನು ಬಿಸಾಡುವುದಕ್ಕೆ ಮನೆಯವರಿಗೆ ಮನಸ್ಸಿಲ್ಲ, ನೋಡುವುದಕ್ಕೆ ಯಂತ್ರವಿಲ್ಲ. ಈ ಎರಡು 'ಇಲ್ಲ'ಗಳ ನಡುವೆ ಕಾಲಪುರುಷನು ತನ್ನ ಕಾರ್ಯವನ್ನು ನಿರಾತಂಕವಾಗಿ ನಡೆಸುತ್ತಿದ್ದಾನೆ.

ಇವುಗಳಲ್ಲಿರುವುದನ್ನು ಡಿಜಿಟಲ್ ರೂಪಕ್ಕೆ ಇಳಿಸಿಕೊಳ್ಳುವುದನ್ನು ಕುಟುಂಬದ ವಿನೋದವೆಂದು ಎಣಿಸುವವರುಂಟು. ಅದು ನಾಡಿನ ಚರಿತ್ರೆಗೆ ಸಲ್ಲಬೇಕಾದ ಸೇವೆಯೆಂದೂ, ಆ ಸೇವೆಯನ್ನು ಆಯಾ ಮನೆಯವರೇ ಸಲ್ಲಿಸಬೇಕಲ್ಲದೆ ಸರ್ಕಾರವಾಗಲಿ ಸಂಸ್ಥೆಗಳಾಗಲಿ ಅವರ ಪರವಾಗಿ ಸಲ್ಲಿಸಲಾರವೆಂದೂ, ಅದಕ್ಕೆ ಉಳಿದಿರುವ ಕಾಲಾವಕಾಶವು ನಾವು ಭಾವಿಸಿರುವುದಕ್ಕಿಂತ ಬಹಳ ಕಡಿಮೆಯೆಂದೂ ನನ್ನ ದೃಢವಾದ ನಂಬಿಕೆ.

ಮೂರು ನಿಮಿಷದ ರೀಲು, ಮೂರು ಗಂಟೆಯ ಕ್ಯಾಸೆಟ್ಟು

1923ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಕ್ ಸಂಸ್ಥೆಯು 16 ಮಿಲಿಮೀಟರ್ ಅಗಲದ ಫಿಲಮ್ಮನ್ನು ಹೊರತಂದಾಗ, ಅದುವರೆಗೆ ಬಹುಮಟ್ಟಿಗೆ ಸ್ಟುಡಿಯೋಗಳ ಸ್ವತ್ತಾಗಿದ್ದ ಚಲಚ್ಚಿತ್ರಕಲೆಯು ಗೃಹಸ್ಥನ ಕೈಗೂ ಎಟುಕುವಂತಾಯಿತು. 1932ರಲ್ಲಿ 8 ಮಿಲಿಮೀಟರಿನ ಫಿಲಮ್ಮೂ 1965ರಲ್ಲಿ 'ಸೂಪರ್ 8' ಎಂಬುದೂ ಬಂದು ಖರ್ಚು ಇನ್ನಷ್ಟು ತಗ್ಗಿತಾದರೂ, ನಮ್ಮ ದೇಶದಲ್ಲಿ ಇದು ಕಾಫಿ ತೋಟದ ಒಡೆಯರು, ವಿದೇಶದಲ್ಲಿ ವ್ಯಾಸಂಗ ಮುಗಿಸಿ ಬಂದ ವೈದ್ಯರು, ಇಂಜಿನಿಯರುಗಳು ಮೊದಲಾದ ಕೆಲವೇ ಅನುಕೂಲಸ್ಥರ ಹವ್ಯಾಸವಾಗಿ ಉಳಿಯಿತು. ಸೂಪರ್ 8ರ ಒಂದು ರೀಲಿನ ಉದ್ದ 50 ಅಡಿ. ಅದರಲ್ಲಿ ಅಡಕವಾಗಿರುವುದು 3600 ಚಿತ್ರಗಳು. ಸೆಕೆಂಡಿಗೆ 18 ಚಿತ್ರಗಳಂತೆ ಓಡಿಸಿದರೆ ಅದರ ಆಯುಸ್ಸು 3 ನಿಮಿಷ 20 ಸೆಕೆಂಡು. ಇಷ್ಟು ಕಿರಿದಾದ ಅವಧಿಯೊಳಗೆ ಮಗುವಿನ ನಾಮಕರಣವನ್ನೋ ಜೋಗದ ಪ್ರವಾಸವನ್ನೋ ಮೈಸೂರಿನ ಜಂಬೂಸವಾರಿಯನ್ನೋ ಹಿಡಿದಿಡಬೇಕಾಗಿದ್ದುದರಿಂದ, ಆ ಹವ್ಯಾಸಿಗಳು ಏನನ್ನು ತೆಗೆಯಬೇಕು, ಏನನ್ನು ಬಿಡಬೇಕು ಎಂದು ವಿವೇಚಿಸಿ, ಒಂದೊಂದು ದೃಶ್ಯವನ್ನೂ ಆಯ್ದು ತೆಗೆಯುತ್ತಿದ್ದರು. ಆ ಚಿತ್ರಗಳಲ್ಲಿ ಬಹುಪಾಲು ಮೂಕ. ಮಾತಿಲ್ಲದೆ ನಗುವ, ನಡೆಯುವ, ನಾಚಿ ಸೆರಗನ್ನು ಮುಂದಕ್ಕೆಳೆದುಕೊಳ್ಳುವ ಆ ಜನರ ಚಲನೆಯಲ್ಲಿಯೇ ಒಂದು ಯುಗದ ಮರ್ಯಾದೆ, ಸಂಕೋಚ, ಸಡಗರಗಳು ವ್ಯಕ್ತವಾಗುತ್ತವೆ.

ವಿಡಿಯೋ ಬಂದ ಮೇಲೆ ಈ ಮಿತವ್ಯಯದ ಸ್ಥಿತಿ ಸಂಪೂರ್ಣವಾಗಿ ಬದಲಾಯಿತು. ಜಪಾನಿನ ಜೆವಿಸಿ ಸಂಸ್ಥೆಯು 1976ರಲ್ಲಿ ವಿಎಚ್‌ಎಸ್ ಪದ್ಧತಿಯನ್ನು ಬಳಕೆಗೆ ತಂದಿತು. 1981ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಗಿ, ಮರುವರ್ಷ ದೆಹಲಿಯ ಏಷ್ಯನ್ ಕ್ರೀಡಾಕೂಟದ ನಿಮಿತ್ತ ದೇಶದಲ್ಲಿ ವರ್ಣಪ್ರಸಾರವೂ ಮೊದಲಾದ ಮೇಲೆ, ಟಿ.ವಿ.ಯೊಡನೆ ವಿ.ಸಿ.ಆರ್. ಕೂಡ ಊರೂರಿಗೆ ಬಂದಿತು. ಮದುವೆಗೆ ಪುರೋಹಿತರು, ಅಡಿಗೆಯವರು ಮತ್ತು ವಾಲಗದವರು ಹೇಗೆ ಅನಿವಾರ್ಯರೋ ಹಾಗೆಯೇ ಹೆಗಲ ಮೇಲೆ ಭಾರವಾದ ಕ್ಯಾಮೆರಾ ಹೊತ್ತ ವಿಡಿಯೋದವರೂ, ಅವರ ಹಿಂದೆಯೇ ಕಣ್ಣು ಕೋರೈಸುವ ಲೈಟು ಹಿಡಿದು ವಯರು ಎಳೆದುಕೊಂಡು ಓಡಾಡುವ ಹುಡುಗನೂ ಅನಿವಾರ್ಯರಾದರು. ಮೂರು ಗಂಟೆ ಓಡುವ ಕ್ಯಾಸೆಟ್ಟಿನಲ್ಲಿ ಆಯ್ಕೆಯ ನಿರ್ಬಂಧವಿರಲಿಲ್ಲ. ಧಾರೆಯ ಮಂಟಪದಿಂದ ಊಟದ ಪಂಕ್ತಿಯವರೆಗೆ, ಎಲೆಯ ಮುಂದೆ ಕುಳಿತ ಪ್ರತಿಯೊಬ್ಬರ ಮುಖವನ್ನೂ ಸಾವಕಾಶವಾಗಿ ದಾಟುತ್ತ ಹೋಗುವ ಆ ಚಿತ್ರಣವು ಅಂದು ಬೇಸರ ತರಿಸಿರಬಹುದು. ಇಂದು ಅದೇ ಅದರ ಮಹತ್ವ. ಏಕೆಂದರೆ ಚರಿತ್ರಕಾರನು ಎಂದೂ ಲೆಕ್ಕಕ್ಕೆ ತೆಗೆದುಕೊಳ್ಳದ ಜನರ ಮುಖಗಳು ಅಲ್ಲಿ ಸಾಲುಸಾಲಾಗಿವೆ.

ಮುಖಕ್ಕಿಂತಲೂ ಅಮೂಲ್ಯವಾದುದು ಧ್ವನಿ. ಅಜ್ಜಿಯರು ಹಾಡಿದ ಸೋಬಾನೆ ಪದ, ಬೀಗರ ನಡುವಣ ವಿನೋದದ ಮಾತು, ಕುಂದಾಪುರದ ಕನ್ನಡ, ಹವ್ಯಕರ ನುಡಿ, ಧಾರವಾಡದ ಸೀಮೆಯ ಮಾತಿನ ಗತ್ತು, ಇವೆಲ್ಲ ಯಾವ ಭಾಷಾಶಾಸ್ತ್ರಜ್ಞನ ಅಪ್ಪಣೆಯೂ ಇಲ್ಲದೆ ತಮ್ಮ ಸಹಜ ಸ್ಥಿತಿಯಲ್ಲಿ ದಾಖಲಾಗಿರುವುದು ಇಂತಹ ಕ್ಯಾಸೆಟ್ಟುಗಳಲ್ಲಿಯೇ. ಇಲ್ಲಿ ಒಂದು ಮಾತನ್ನು ಮುಖ್ಯವಾಗಿ ಗಮನಿಸಬೇಕು. ಅಂದಿನ ವಿಡಿಯೋದವರು ಮದುವೆಯ ಚಿತ್ರವನ್ನು ಮಿಕ್ಸಿಂಗ್ ಮಾಡಿಕೊಡುವಾಗ, ಮಂಟಪದ ನಿಜವಾದ ಸದ್ದನ್ನು ಅಡಗಿಸಿ ಅದರ ಮೇಲೆ ಸಿನಿಮಾ ಹಾಡುಗಳನ್ನು ಕೂಡಿಸುವುದು ರೂಢಿಯಾಗಿತ್ತು. ಆದುದರಿಂದ ಮಿಕ್ಸಿಂಗಿಗೆ ಮುಂಚಿನ ಮೂಲ ಕ್ಯಾಸೆಟ್ಟು ಎಲ್ಲಿಯಾದರೂ ಉಳಿದಿದ್ದರೆ, ಅಂದವಾಗಿ ಸಿದ್ಧಪಡಿಸಿದ ಪ್ರತಿಗಿಂತ ಅದೇ ಹೆಚ್ಚಿನ ಬೆಲೆಯುಳ್ಳದ್ದೆಂದು ತಿಳಿದು ಮೊದಲು ಅದನ್ನು ಉಳಿಸಿಕೊಳ್ಳತಕ್ಕದ್ದು.

ನಾಶದ ಎರಡು ಮಾರ್ಗಗಳು

ವಸ್ತುವು ತಾನಾಗಿಯೇ ಕೆಡುವುದು ಒಂದು ಮಾರ್ಗ. ವಸ್ತು ನೆಟ್ಟಗಿದ್ದರೂ ಅದನ್ನು ತೋರಿಸುವ ಯಂತ್ರವು ಲೋಕದಿಂದ ಮರೆಯಾಗುವುದು ಇನ್ನೊಂದು ಮಾರ್ಗ.

ಸ್ಟುಡಿಯೋಗಳು ಬಳಸುತ್ತಿದ್ದ 35 ಮಿಲಿಮೀಟರಿನ ಹಳೆಯ ನೈಟ್ರೇಟ್ ಫಿಲಂ ಬೇಗನೆ ಬೆಂಕಿ ಹೊತ್ತಿಕೊಳ್ಳುವಂಥದ್ದು. ಮನೆಬಳಕೆಯ ಫಿಲಮ್ಮನ್ನು ಕ್ಷೇಮದೃಷ್ಟಿಯಿಂದ ಅಸಿಟೇಟಿನಿಂದ ತಯಾರಿಸಿದರು. ಆದರೆ ಅಸಿಟೇಟಿಗೆ ಅದರದೇ ಆದ ವ್ಯಾಧಿಯೊಂದುಂಟು. ತೇವ ಮತ್ತು ಸೆಕೆಯ ಸಂಪರ್ಕದಿಂದ ಅದು ಒಳಗಿಂದೊಳಗೇ ಒಡೆದು ಅಸಿಟಿಕ್ ಆಮ್ಲವನ್ನು ಹೊರಸೂಸುತ್ತದೆ. ಹಾಗೆ ಹೊರಬಂದ ಆಮ್ಲವೇ ಮುಂದಿನ ವಿಘಟನೆಯನ್ನು ತ್ವರೆಗೊಳಿಸುತ್ತದೆ. ಡಬ್ಬಿಯ ಮುಚ್ಚಳ ತೆರೆದೊಡನೆ ಮೂಗಿಗೆ ಬಡಿಯುವ ವಿನೆಗರಿನ ಹುಳಿ ವಾಸನೆಯೇ ಈ ರೋಗದ ಲಕ್ಷಣ. ಕಾಲಕ್ರಮದಲ್ಲಿ ಫಿಲಂ ಕುಗ್ಗಿ, ಮುರುಟಿ, ಕಡೆಗೆ ಚಿತ್ರವಿರುವ ಪದರವೇ ಬೇರ್ಪಟ್ಟು ಹೋಗುತ್ತದೆ. 1948ರಲ್ಲಿ ಟ್ರೈಅಸಿಟೇಟ್ ಫಿಲಂ ಬಳಕೆಗೆ ಬಂದು ದಶಕ ತುಂಬುವುದರೊಳಗೆ ಈ ಕೇಡಿನ ಮೊದಲ ವರದಿ ಕೊಡಕ್ ಸಂಸ್ಥೆಗೆ ತಲುಪಿದ್ದು ಭಾರತ ಸರ್ಕಾರದಿಂದ. ಸೆಕೆ ಮತ್ತು ತೇವಗಳ ನಡುವೆ ಇರಿಸಿದ್ದ ನಮ್ಮ ಫಿಲಮ್ಮುಗಳೇ ಲೋಕಕ್ಕೆ ಮೊದಲ ಎಚ್ಚರಿಕೆಯನ್ನಿತ್ತವು. ಕರಾವಳಿಯ ಮತ್ತು ಮಲೆನಾಡಿನ ಮನೆಗಳವರು ಈ ಸಂಗತಿಯನ್ನು ವಿಶೇಷವಾಗಿ ಮನಸ್ಸಿನಲ್ಲಿಡಬೇಕು.

ಕ್ಯಾಸೆಟ್ಟಿನ ಟೇಪು ಬೇರೆಯೇ ಜಾತಿಯದು. ತೆಳುವಾದ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಅಯಸ್ಕಾಂತಗುಣದ ಸೂಕ್ಷ್ಮ ಕಣಗಳನ್ನು ಒಂದು ಬಗೆಯ ಅಂಟಿನಲ್ಲಿ ಹಿಡಿದು ಕೂರಿಸಿರುತ್ತಾರೆ. ಆ ಅಂಟು ಗಾಳಿಯ ತೇವವನ್ನು ಹೀರಿ ಮೆತ್ತಗಾಗುವುದುಂಟು. ಮಳೆಗಾಲದ ಥಂಡಿಗೆ ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಬೆಳೆಯುವುದುಂಟು. ಕಣಗಳ ಅಯಸ್ಕಾಂತಶಕ್ತಿಯೂ ಮೆಲ್ಲಮೆಲ್ಲನೆ ಕುಂದುತ್ತದೆ. ಈ ಕೇಡುಗಳಿಂದ ಪಾರಾದ ಕ್ಯಾಸೆಟ್ಟಿಗೂ ಇನ್ನೊಂದು ವಿಪತ್ತು ಕಾದಿದೆ. ಲೋಕದಲ್ಲಿ ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯೆನಿಸಿದ ಜಪಾನಿನ ಫುನಾಯಿಯು 2016ರ ಜುಲೈ ತಿಂಗಳಿನಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಇಂದು ಚಾಲ್ತಿಯಲ್ಲಿರುವ ಯಂತ್ರಗಳೆಲ್ಲ ಹಳೆಯವು. ಅವುಗಳ ಹೆಡ್ಡು, ಬೆಲ್ಟು, ರಬ್ಬರಿನ ಉರುಳೆಗಳು ಸವೆಯುತ್ತಿವೆ. ಅವನ್ನು ಬಿಚ್ಚಿ ರಿಪೇರಿ ಮಾಡಬಲ್ಲ ಕುಶಲಿಗಳು ವೃದ್ಧರಾಗುತ್ತಿದ್ದಾರೆ. ಆಸ್ಟ್ರೇಲಿಯದ ರಾಷ್ಟ್ರೀಯ ಫಿಲಂ ಮತ್ತು ಧ್ವನಿ ಭಂಡಾರದವರು 2015ರಲ್ಲಿಯೇ, ಟೇಪುಗಳಲ್ಲಿರುವುದನ್ನು 2025ರೊಳಗೆ ಡಿಜಿಟಲ್ ರೂಪಕ್ಕೆ ತರದಿದ್ದಲ್ಲಿ ಅವುಗಳಲ್ಲಿ ಬಹುಪಾಲು ಕೈಬಿಟ್ಟುಹೋಗುವುವೆಂದು ಎಚ್ಚರಿಸಿದ್ದರು. ಆ ಗಡುವೂ ಮುಗಿದಿದೆ. ಎಲ್ಲವೂ ಹೋಯಿತೆಂದು ಇದರ ಅರ್ಥವಲ್ಲ. ಇನ್ನು ಕಾಯುವುದಕ್ಕೆ ಕಾರಣವಿಲ್ಲವೆಂದು ಅರ್ಥ.

ಕಾರ್ಯವಿಧಾನ

ಹಳೆಯ ರೀಲು ಸಿಕ್ಕಿದೊಡನೆ ಪ್ರೊಜೆಕ್ಟರಿಗೆ ಹಾಕಿ ಗೋಡೆಯ ಮೇಲೆ ನೋಡಬೇಕೆಂಬ ಆತುರ ಸಹಜ. ಆ ಆತುರವನ್ನು ತಡೆಯಬೇಕು. ಕುಗ್ಗಿದ ಫಿಲಮ್ಮಿನ ಅಂಚಿನ ರಂಧ್ರಗಳು ಯಂತ್ರದ ಹಲ್ಲುಗಳಿಗೆ ಸರಿಯಾಗಿ ಕೂಡದೆ ಹರಿದುಹೋಗುತ್ತವೆ. ನಡುವೆ ಸಿಕ್ಕಿಕೊಂಡರೆ ದೀಪದ ಕಾವಿಗೆ ಚಿತ್ರವೇ ಕರಗುತ್ತದೆ. ಮೊದಲು ವಾಸನೆ ನೋಡಿ, ಕೈಯಿಂದ ಮೆಲ್ಲಗೆ ಬಿಚ್ಚಿ, ಮುರುಟಿರುವುದೇ, ಜೋಡಣೆ ಬಿಟ್ಟಿರುವುದೇ ಎಂದು ಪರೀಕ್ಷಿಸಬೇಕು. ಆಮ್ಲದ ಪ್ರಮಾಣಕ್ಕೆ ತಕ್ಕಂತೆ ನೀಲಿಯಿಂದ ಹಸಿರಿಗೂ ಹಸಿರಿನಿಂದ ಹಳದಿಗೂ ತಿರುಗುವ ಕಾಗದದ ಪಟ್ಟಿಗಳನ್ನು ಡಬ್ಬಿಯೊಳಗಿಟ್ಟು ರೋಗದ ಹಂತವನ್ನು ತಿಳಿಯುವ ಕ್ರಮವೂ ಉಂಟು. ವಾಸನೆ ಬಂದ ರೀಲುಗಳನ್ನು ಬೇರೆಯವುಗಳಿಂದ ಪ್ರತ್ಯೇಕಿಸಿ, ಅವನ್ನೇ ಮೊದಲು ಕೆಲಸಕ್ಕೆ ಕೊಡಬೇಕು.

ಗೋಡೆಯ ಮೇಲೆ ಬಿಟ್ಟ ಚಿತ್ರವನ್ನು ಮೊಬೈಲಿನಲ್ಲಿ ಹಿಡಿದುಕೊಳ್ಳುವುದು ಸುಲಭವಾದರೂ, ಹಾಗೆ ಮಾಡಿದಲ್ಲಿ ಬೆಳಕು ಮಿನುಗುತ್ತದೆ, ಅಂಚುಗಳು ಮಸುಕಾಗುತ್ತವೆ, ಬಣ್ಣ ಕೆಡುತ್ತದೆ. ಫಿಲಮ್ಮನ್ನು ಶುಚಿಮಾಡಿ, ಹಲ್ಲುಗಳಿಲ್ಲದ ಮೃದುವಾದ ಉರುಳೆಗಳ ಮೇಲೆ ಸಾಗಿಸುತ್ತ, ಒಂದೊಂದು ಚಿತ್ರವನ್ನೂ ಪ್ರತ್ಯೇಕವಾಗಿ ಸೆರೆಹಿಡಿಯುವ ಸ್ಕ್ಯಾನರಿನಿಂದ ಮಾಡಿಸುವುದೇ ಯೋಗ್ಯವಾದ ವಿಧಾನ. 8 ಮಿಲಿಮೀಟರ್ ಫಿಲಮ್ಮಿಗೆ 2ಕೆ ಎಂಬ ಪ್ರಮಾಣದ ಸ್ಕ್ಯಾನು ಸಾಮಾನ್ಯವಾಗಿ ಸಾಕಾಗುತ್ತದೆ. ಸೆಕೆಂಡಿಗೆ 16 ಅಥವಾ 18 ಚಿತ್ರಗಳ ವೇಗದಲ್ಲಿ ತೆಗೆದುದನ್ನು 24ರ ವೇಗದಲ್ಲಿ ಓಡಿಸಿದರೆ ನಮ್ಮ ಹಿರಿಯರೆಲ್ಲ ಕುಪ್ಪಳಿಸಿ ನಡೆಯುವಂತೆ ತೋರುವರಾದುದರಿಂದ, ಮೂಲದ ವೇಗವನ್ನು ಕೇಳಿ ತಿಳಿದು ಅದರಂತೆಯೇ ಮಾಡಿಸಬೇಕು.

ಕ್ಯಾಸೆಟ್ಟಿನ ವಿಚಾರದಲ್ಲಿ ಅವಸರಕ್ಕೆ ಅವಕಾಶವೇ ಇಲ್ಲ. ವಿಎಚ್‌ಎಸ್ ಟೇಪು ಸೆಕೆಂಡಿಗೆ ಸುಮಾರು 2.3 ಸೆಂಟಿಮೀಟರಿನಂತೆ ಚಲಿಸುತ್ತದೆ. ಅದನ್ನು ಓದುವ ಉರುಳೆ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಮೂರು ಗಂಟೆಯ ಮದುವೆಯನ್ನು ಇಳಿಸಿಕೊಳ್ಳುವುದಕ್ಕೆ ಮೂರು ಗಂಟೆಯೇ ಬೇಕು. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಶುಚಿಗೊಳಿಸದೆ ಯಂತ್ರಕ್ಕೆ ಹಾಕಿದರೆ ಟೇಪೂ ಕೆಡುತ್ತದೆ, ಹೆಡ್ಡೂ ಕೆಡುತ್ತದೆ, ಮುಂದೆ ಹಾಕುವ ಕ್ಯಾಸೆಟ್ಟಿಗೂ ಅದೇ ಸೋಂಕು ತಗಲುತ್ತದೆ. ನಡುಗುವ ಗೆರೆಗಳನ್ನು ನೇರಗೊಳಿಸುವ ಟೈಮ್ ಬೇಸ್ ಕರೆಕ್ಟರ್ ಎಂಬ ಉಪಕರಣವಿರುವಲ್ಲಿ ಕೊಟ್ಟರೆ ಫಲಿತಾಂಶ ಬಹಳ ಉತ್ತಮವಾಗಿರುತ್ತದೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳು ಊರಿಗೆ ಕಳುಹಿಸಿದ ಕ್ಯಾಸೆಟ್ಟುಗಳದು ಮತ್ತೊಂದು ಕಥೆ. ಅಲ್ಲಿಯ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಚಿತ್ರಕ್ಕೆ 525 ಗೆರೆಗಳು, ನಮ್ಮ ಪಾಲ್ ಪದ್ಧತಿಯಲ್ಲಿ 625. ಆ ಕಾರಣದಿಂದ ಮೊಮ್ಮಕ್ಕಳ ಮೊದಲ ಹೆಜ್ಜೆಗಳು ಇಲ್ಲಿಯ ಎಷ್ಟೋ ವಿ.ಸಿ.ಆರ್.ಗಳಲ್ಲಿ ಬರಿಯ ಉರುಳುವ ಗೆರೆಗಳಾಗಿ ಕಂಡವು. ಹಾಗೆ ನೋಡದೆಯೇ ಬದಿಗಿಟ್ಟ ಕ್ಯಾಸೆಟ್ಟುಗಳನ್ನು ಎರಡೂ ಪದ್ಧತಿಗಳನ್ನು ಓದಬಲ್ಲ ಯಂತ್ರದಲ್ಲಿ ಇಂದಿಗೂ ಇಳಿಸಿಕೊಳ್ಳಬಹುದು. ಮಿನಿ ಡಿವಿ ಟೇಪಿನಲ್ಲಿ ಚಿತ್ರವು ಅಂಕಿಗಳಾಗಿಯೇ ಇರುವುದರಿಂದ, ಫೈರ್‌ವೈರ್ ಎಂಬ ತಂತಿಯ ಮೂಲಕ ಗಂಟೆಗೆ ಸುಮಾರು 13 ಜಿಬಿಯಂತೆ ಅದನ್ನು ಇದ್ದಂತೆಯೇ ಪಡೆಯಬಹುದು.

ಈಚೆಗೆ ಹಳೆಯ ಚಿತ್ರಗಳನ್ನು ಕಂಪ್ಯೂಟರಿನ ಕೃತಕ ಬುದ್ಧಿಯಿಂದ ಹೊಳಪುಗೊಳಿಸಿಕೊಡುವವರೂ ಬಂದಿದ್ದಾರೆ. ಅವರ ಕೌಶಲ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಸುಕಾದ ಮುಖದಲ್ಲಿ ಇಲ್ಲದ ಕಣ್ಣನ್ನೂ ಇಲ್ಲದ ಮುಗುಳುನಗೆಯನ್ನೂ ಯಂತ್ರವು ತನ್ನ ಊಹೆಯಿಂದ ತುಂಬಿದಾಗ ನಮಗೆ ದೊರೆಯುವುದು ನಮ್ಮ ಮುತ್ತಜ್ಜಿಯ ಮುಖವಲ್ಲ, ಆಕೆಯನ್ನು ಹೋಲುವ ಯಾರೋ ಒಬ್ಬರ ಮುಖ. ಅಂತಹ ಪ್ರತಿಯನ್ನು ಬೇಕಿದ್ದರೆ ಸಂತೋಷಕ್ಕಾಗಿ ಮಾಡಿಸಿಕೊಳ್ಳಲಿ. ಕಲೆ, ಗೀರು, ಮಂಕುಗಳ ಸಹಿತವಾದ ಯಥಾರ್ಥ ಪ್ರತಿಯೊಂದು ಮೊದಲು ಸಿದ್ಧವಾಗಿರಬೇಕು.

ಅತ್ತಿಮಬ್ಬೆಯ ಮಾರ್ಗ

ಕಂಪ್ಯೂಟರಿಗೆ ಇಳಿಸಿದ ಮಾತ್ರಕ್ಕೆ ಚಿತ್ರವು ಶಾಶ್ವತವಾಯಿತೆಂದು ತಿಳಿಯುವುದು ದೊಡ್ಡ ಭ್ರಮೆ. ಹಾರ್ಡ್ ಡಿಸ್ಕು ಒಂದು ದಿನ ಸೂಚನೆ ಕೊಡದೆ ನಿಂತುಹೋಗುತ್ತದೆ. ಹಿಂದೆ ಬಹಳ ನಂಬಿಕೆಯಿಂದ ಸಿ.ಡಿ., ಡಿ.ವಿ.ಡಿ.ಗಳಿಗೆ ಬರೆಸಿಟ್ಟವರ ಎಷ್ಟೋ ತಟ್ಟೆಗಳು ಒಳಗಿನ ಬಣ್ಣ ಮಾಸಿ ಇಂದು ಓದಲು ಬಾರದಾಗಿವೆ. ವಾಟ್ಸ್ಆ್ಯಪಿನಲ್ಲಿ ಹಂಚಿದ ಪ್ರತಿಯು ಕುಗ್ಗಿ ತನ್ನ ಸೂಕ್ಷ್ಮವನ್ನೆಲ್ಲ ಕಳೆದುಕೊಂಡಿರುತ್ತದೆ. ಪ್ರಾಜ್ಞರು ಹೇಳುವ ನಿಯಮವಿಷ್ಟು: ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳ ಮೇಲಿರಲಿ, ಒಂದಾದರೂ ಬೇರೆ ಊರಿನಲ್ಲಿರಲಿ. ಕೆಲವು ವರ್ಷಗಳಿಗೊಮ್ಮೆ ಹೊಸ ಸಾಧನಕ್ಕೆ ವರ್ಗಾಯಿಸುವುದನ್ನೂ ಮರೆಯಬಾರದು.

ಇದು ಕನ್ನಡಿಗರಿಗೆ ಹೊಸ ಉಪದೇಶವಲ್ಲ. 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ 'ಶಾಂತಿಪುರಾಣ'ಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಗೆದ್ದಲು, ಬೆಂಕಿ, ನೆರೆ, ಯುದ್ಧಗಳ ನಡುವೆ ಗ್ರಂಥವನ್ನು ಉಳಿಸುವ ಉಪಾಯ ಭದ್ರವಾದ ಪೆಟ್ಟಿಗೆಯಲ್ಲ, ಬಹುವಾದ ಪ್ರತಿಗಳು ಎಂಬುದನ್ನು ಆ ಮಹಾತಾಯಿ ಬಲ್ಲಳು. ನಮ್ಮ ಪ್ರಾಚೀನ ಸಾಹಿತ್ಯವೆಲ್ಲ ಹೀಗೆ ಓಲೆಯಿಂದ ಓಲೆಗೆ ಪ್ರತಿಯಾಗುತ್ತಲೇ ಉಳಿದು ಬಂದಿತು. ಅಣ್ಣತಮ್ಮಂದಿರಲ್ಲಿ, ಅಕ್ಕತಂಗಿಯರಲ್ಲಿ, ದೂರದೇಶದ ಮಕ್ಕಳಲ್ಲಿ ತಲೆಗೊಂದು ಪೂರ್ಣ ಪ್ರತಿಯನ್ನು ಹಂಚುವ ಮನೆಯು ಅತ್ತಿಮಬ್ಬೆಯ ಮಾರ್ಗದಲ್ಲಿಯೇ ನಡೆದಂತಾಗುತ್ತದೆ. ಹಾಗೆಂದು ಮೂಲ ರೀಲನ್ನೂ ಕ್ಯಾಸೆಟ್ಟನ್ನೂ ಎಸೆಯಕೂಡದು. ಇಂದಿಗಿಂತ ಒಳ್ಳೆಯ ಯಂತ್ರ ನಾಳೆ ಬರಬಹುದು, ಆಗ ಮತ್ತೆ ಬೇಕಾಗುವುದು ಮೂಲವೇ.

ಒಂದೇ ಪ್ರತಿಯ ಅಪಾಯ

ಪ್ರತಿಗಳ ವಿಷಯದಲ್ಲಿ ನಮ್ಮ ಚಿತ್ರರಂಗದ ಚರಿತ್ರೆಯೇ ಎರಡು ಪಾಠಗಳನ್ನು ಹೇಳುತ್ತದೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿ ಇಂದು ಲಭ್ಯವಿಲ್ಲ. ಸಾವಿರಾರು ಜನ ಹಣ ಕೊಟ್ಟು ನೋಡಿದ ಚಿತ್ರಕ್ಕೇ ಈ ಗತಿಯಾಯಿತು. ಇದಕ್ಕೆ ಪ್ರತಿಯಾಗಿ, 1977ರ 'ಘಟಶ್ರಾದ್ಧ'ದ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಭಂಡಾರದಲ್ಲಿ ಸುರಕ್ಷಿತವಾಗಿದ್ದುದರಿಂದ, ಗಿರೀಶ ಕಾಸರವಳ್ಳಿಯವರ ಆ ಕೃತಿಯು ಪುನರುಜ್ಜೀವಿತವಾಗಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ಬೆಳಕು ಕಂಡಿತು. ಆದರೆ ಮನೆಯ ರೀಲಿಗೆ ರಾಷ್ಟ್ರೀಯ ಭಂಡಾರವಿಲ್ಲ. ಅದಕ್ಕೆ ಇರುವುದು ಒಂದೇ ಪ್ರತಿ, ಅದನ್ನು ಕಾಯುವವರು ಆ ಮನೆಯವರು ಮಾತ್ರ.

ಮನೆಚಿತ್ರದಲ್ಲಿ ಲೋಕಕ್ಕೆ ಬೇಕಾದುದೇನಿದೆ ಎನ್ನುವವರಿಗೆ ಒಂದು ನಿದರ್ಶನವನ್ನು ಹೇಳುತ್ತೇನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸರ್ಕಾರವು ಜಪಾನೀ ಮೂಲದ ತನ್ನ ಪ್ರಜೆಗಳನ್ನೇ ಶಿಬಿರಗಳಲ್ಲಿ ಕೂಡಿಹಾಕಿದಾಗ, ಯೂಟಾ ರಾಜ್ಯದ ಟೋಪಾಜ್ ಶಿಬಿರದಲ್ಲಿದ್ದ ಡೇವ್ ತತ್ಸುನೋ ಎಂಬ ವರ್ತಕನು, ಗುಟ್ಟಾಗಿ ತರಿಸಿಕೊಂಡ 8 ಮಿಲಿಮೀಟರಿನ ಕ್ಯಾಮೆರಾದಿಂದ ತನ್ನ ಮನೆಯವರನ್ನೂ ನೆರೆಯವರನ್ನೂ ಚಿತ್ರಿಸಿದನು. ಚರಿತ್ರೆ ಬರೆಯುವ ಉದ್ದೇಶ ಆತನಿಗಿರಲಿಲ್ಲ. 1996ರಲ್ಲಿ ಆ ಮನೆಚಿತ್ರವು ಆ ದೇಶದ ರಾಷ್ಟ್ರೀಯ ಚಲಚ್ಚಿತ್ರಗಳ ಪಟ್ಟಿಯಲ್ಲಿ ಸ್ಥಾನ ಪಡೆಯಿತು. ಭಾರತದಲ್ಲಿ ನೆಲೆಸಿದ್ದ ಬ್ರಿಟಿಷ್ ಕುಟುಂಬಗಳ ಮನೆಚಿತ್ರಗಳನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ದಕ್ಷಿಣ ಏಷ್ಯಾ ಅಧ್ಯಯನ ಕೇಂದ್ರವು ಸಂಗ್ರಹಿಸಿ, ಡಿಜಿಟಲ್ ರೂಪಕ್ಕಿಳಿಸಿ ವಿದ್ವಾಂಸರಿಗೆ ಒದಗಿಸಿದೆ. ನಮ್ಮ ನಾಡನ್ನು ಅನ್ಯರು ಕಂಡ ಬಗೆ ಹೀಗೆ ಭದ್ರವಾಗಿದೆ. ನಮ್ಮನ್ನು ನಾವೇ ಕಂಡುಕೊಂಡ ಬಗೆ ಅಟ್ಟದ ಮೇಲೆ ಬೂಷ್ಟು ಹಿಡಿಯುತ್ತಿದೆ. ಮನೆಯಂಗಳದಲ್ಲಿ ಹರಕೆಯ ಯಕ್ಷಗಾನ ಆಡಿಸಿ ಅದರ ವಿಡಿಯೋ ತೆಗೆಸಿದವರುಂಟು. ಊರ ಜಾತ್ರೆಯನ್ನು, ಮುಳುಗಡೆಗೆ ಮುಂಚಿನ ಹಳ್ಳಿಯನ್ನು, ರಸ್ತೆ ಅಗಲವಾಗುವುದಕ್ಕೆ ಮುಂಚಿನ ಪೇಟೆಯನ್ನು ತಮಗೇ ಅರಿವಿಲ್ಲದೆ ಹಿನ್ನೆಲೆಯಲ್ಲಿ ಹಿಡಿದವರುಂಟು. ಇವು ಬರಿಯ ಮನೆಯ ಸ್ವತ್ತಲ್ಲ.

ಹೆಸರಿಡುವ ಕಾರ್ಯ

ಚಿತ್ರವು ಫೈಲಾಗಿ ಕೈಸೇರಿದ ದಿನ ಕೆಲಸದ ಅರ್ಧಭಾಗ ಮಾತ್ರ ಮುಗಿದಿರುತ್ತದೆ. ಚಿತ್ರದಲ್ಲಿರುವವರು ಯಾರು, ಅದು ಯಾವ ಊರು, ಯಾವ ಸಂದರ್ಭ, ಬಾಗಿಲ ಬಳಿ ನಿಂತ ಆ ಹೆಣ್ಣುಮಗಳು ಯಾರ ಮನೆಯವಳು, ಅಡಿಗೆಯ ಒಲೆಯ ಮುಂದೆ ಬೆವರೊರೆಸಿಕೊಳ್ಳುತ್ತಿರುವ ಆ ಹಿರಿಯರ ಹೆಸರೇನು, ಇವನ್ನು ಯಾವ ಸ್ಕ್ಯಾನರೂ ಹೇಳಲಾರದು. ಹೇಳಬಲ್ಲವರು ಎಂಬತ್ತು ಮೀರಿದ ಅತ್ತೆಯೋ ದೊಡ್ಡಪ್ಪನೋ ಒಬ್ಬಿಬ್ಬರು ಮಾತ್ರ. ಅವರನ್ನು ಕೂರಿಸಿಕೊಂಡು, ಚಿತ್ರವನ್ನು ನಿಧಾನವಾಗಿ ಓಡಿಸುತ್ತ, ಬೇಕಾದಲ್ಲಿ ನಿಲ್ಲಿಸುತ್ತ, ಅವರು ಹೇಳುವುದನ್ನೆಲ್ಲ ಅವರ ಧ್ವನಿಯಲ್ಲಿಯೇ ಮುದ್ರಿಸಿಕೊಳ್ಳಬೇಕು. ಅನಂತರ ವರ್ಷ, ಊರು, ಸಂದರ್ಭ, ವ್ಯಕ್ತಿಗಳು ಎಂಬ ಕ್ರಮದಲ್ಲಿ ಕನ್ನಡದಲ್ಲಿ ಬರೆದು ಆ ಬರವಣಿಗೆಯನ್ನು ಚಿತ್ರದ ಜೊತೆಗೇ ಇಡಬೇಕು. ಹೀಗೆ ಕುಳಿತಾಗ ಮನೆಯವರ ಹೆಸರುಗಳಷ್ಟನ್ನೇ ಕೇಳಿ ತೃಪ್ತರಾಗದೆ, ಆಳುಮಕ್ಕಳ, ವಾಲಗದವರ, ಅಡಿಗೆಯವರ ಹೆಸರುಗಳನ್ನೂ ಕೇಳತಕ್ಕದ್ದು. ಅವರ ಮನೆಗಳಲ್ಲಿ ಕ್ಯಾಮೆರಾ ಇರಲಿಲ್ಲ. ಅವರ ಮೊಮ್ಮಕ್ಕಳಿಗೆ ತಮ್ಮ ಅಜ್ಜನ ಚಲಿಸುವ ರೂಪವು ಇನ್ನೊಬ್ಬರ ಮದುವೆಯ ಕ್ಯಾಸೆಟ್ಟಿನಲ್ಲಿಯೇ ಇದ್ದೀತು. ಅಂತಹ ತುಣುಕು ಸಿಕ್ಕಿದರೆ ಅವರಿಗೆ ತಲುಪಿಸುವುದು ಧರ್ಮ.

ಹಾಳಾದ ಟೇಪಿನಿಂದಲೂ ಕುಶಲಿಗಳು ಏನನ್ನಾದರೂ ಮರಳಿ ಪಡೆಯಬಲ್ಲರು; ಕೆಟ್ಟ ಯಂತ್ರವನ್ನು ಇನ್ನೊಂದು ಯಂತ್ರದ ಬಿಡಿಭಾಗದಿಂದ ಸರಿಪಡಿಸಬಲ್ಲರು. ಗುರುತಿಸಬಲ್ಲ ಕೊನೆಯ ಹಿರಿಯರು ಹೊರಟುಹೋದ ಮೇಲೆ ಉಳಿದ ಚಿತ್ರಕ್ಕೆ ಹೆಸರನ್ನು ಮರಳಿ ತರಬಲ್ಲ ವಿದ್ಯೆ ಯಾರಲ್ಲಿಯೂ ಇಲ್ಲ. ಆದುದರಿಂದ ಯಾವ ಕ್ಯಾಸೆಟ್ಟನ್ನು ಮೊದಲು ಮಾಡಿಸಬೇಕೆಂದು ಕೇಳುವವರಿಗೆ ನನ್ನ ಸಲಹೆ ಇದು: ಹುಳಿ ವಾಸನೆ ಬಂದ ರೀಲನ್ನೂ ಬೂಷ್ಟು ಹಿಡಿದ ಕ್ಯಾಸೆಟ್ಟನ್ನೂ ಕೂಡಲೇ ಕೊಡಿ, ಉಳಿದವುಗಳಲ್ಲಿ, ಮನೆಯ ಅತ್ಯಂತ ಹಿರಿಯರು ಯಾವ ಸಮಾರಂಭದ ಜನರನ್ನು ಬಲ್ಲರೋ ಅದನ್ನೇ ಮೊದಲು ಮಾಡಿಸಿ, ಈ ವರ್ಷವೇ ಅವರ ಮುಂದೆ ಕುಳಿತು ನೋಡಿ, ಹೆಸರುಗಳನ್ನು ಬರೆದುಕೊಳ್ಳಿ.